ಸಲಹೆನೋ ಅಪ್ಪಣೆನೋ?

ಆ ಖಾಸಗಿ ಶಾಲೆಗೆ ಹೊಸದಾಗಿ ಒಂದು ಸಲಹಾ ಮಂಡಳಿ ಬಂತು. ಅಧ್ಯಕ್ಷರಾದ ರುದ್ರಯ್ಯನವರು ಮೊದಲ ದಿನವೇ ಮಕ್ಕಳನ್ನೆಲ್ಲ ಅಂಗಳದಲ್ಲಿ ಕೂರಿಸಿ ಭಾಷಣಕ್ಕೆ ನಿಂತರು. ಊಟದ ಹೊತ್ತಾಯಿತು, ಭಾಷಣ ಮುಗಿಯಲಿಲ್ಲ. ಆಯಾ ಪುಟ್ಟಗೌರಮ್ಮ ಗಂಟೆಯ ಹಗ್ಗಕ್ಕೆ ಕೈ ಹಾಕಿದಳು.

"ಏಯ್! ನಾನು ಹೇಳೋವರೆಗೂ ಗಂಟೆ ಹೊಡೆಯಕೂಡದು!"

ಈ ಮಂಡಳಿ ಅಂದರೆ ಏನು ಅಂತ ಪುಟ್ಟಗೌರಮ್ಮನಿಗೆ ಬೆಳಗಿನಿಂದಲೂ ಕುತೂಹಲ. ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು: "ಸಾರ್, ಇದು ಸಲಹೆನೋ ಅಪ್ಪಣೆನೋ?"

"ಅಪ್ಪಣೆ!"

"ಆಗ್ಲಿ ಸಾರ್. ಕ್ಯಾರಿಯರ್ ಹಿಡ್ಕೊಂಡು ತಾಯಂದಿರು ಗೇಟಲ್ಲಿ ನಿಂತವ್ರೆ. ಮಕ್ಕಳನ್ನ ಊಟಕ್ಕೆ ಬಿಡ್ದೇ ಇರೋದು ಯಾರಪ್ಪಣೆ ಅಂತ ಕೂಗಾಡ್ತಾವ್ರೆ. ನಿಮ್ಮನ್ನೇ ತೋರಿಸ್ಲಾ?"

ಅಧ್ಯಕ್ಷರು ಗೇಟಿನತ್ತ ನೋಡಿದರು. ನಲವತ್ತು ಕ್ಯಾರಿಯರ್, ನಲವತ್ತು ಕೆಂಡದಂಥ ಮುಖ.

"ಛೆ ಛೆ, ಅಪ್ಪಣೆ ಎಲ್ಲಿಂದ ಬಂತಮ್ಮ? ನಮ್ಮದೇನಿದ್ದರೂ ಬರೀ ಸಲಹೆ."

ಢಣ್ ಢಣ್ ಢಣ್! ಮಕ್ಕಳು ಎದ್ದು ಓಡಿದರು.

"ನನ್ನ ಮಾತು ಕೇಳಲೇ ಇಲ್ಲವಲ್ಲ!" ಅಧ್ಯಕ್ಷರು ಹಲ್ಲು ಕಡಿದರು.

"ಅಯ್ಯೋ, ಪೂರ್ತಿ ಕೇಳ್ದೆ ಸಾರ್. ಸಲಹೆ ಇರೋದೇ ಕೇಳೋಕೆ," ಅಂದಳು ಪುಟ್ಟಗೌರಮ್ಮ. "ಗಂಟೆ ಇರೋದು ಹೊಡೆಯೋಕೆ."