ಎಂಜಲು ತೂಗುವ ಯಂತ್ರ

ಹೊಳೆದಂಡೆಯ ಆ ಮಠದಲ್ಲಿ ಬಂದವರಿಗೆಲ್ಲ ದಾಸೋಹ. ಪ್ರಸಾದ ಬೇಡ ಅನ್ನಬಾರದು ಎಂಬುದು ಅಲ್ಲಿಯ ವಾಡಿಕೆ. ಬಡಿಸುವವರು ಧಾರಾಳವಾಗಿ ಸುರಿಯುತ್ತಿದ್ದರು. ಎಲೆಗಳಲ್ಲಿ ಅನ್ನ ಉಳಿಯುತ್ತಿತ್ತು.

ದಾಸೋಹದ ಉಸ್ತುವಾರಿ ಶಿಷ್ಯ ಬಸವಂತನದು. ಕಂಪ್ಯೂಟರ್ ಕಲಿತವನು. ಎಂಜಲು ತೂಗುವ ಯಂತ್ರವೊಂದನ್ನು ತಾನೇ ಜೋಡಿಸಿ, ಪಂಕ್ತಿಯ ಎದುರಿಗೆ ದೊಡ್ಡ ಪರದೆ ಹಾಕಿಸಿದ. ಉಂಡವರು ತಮ್ಮ ಎಲೆಯನ್ನು ಯಂತ್ರದ ಮೇಲಿಟ್ಟಾಗ ಎಂಜಲು ಹೆಚ್ಚಿದ್ದರೆ ಪರದೆ ಕೆಂಪಾಗುತ್ತಿತ್ತು. ಕೆಲವೇ ದಿನಗಳಲ್ಲಿ ಅದು ಕೆಂಪಾಗುವುದೇ ನಿಂತುಹೋಯಿತು.

ಬಸವಂತ ಹಿಗ್ಗಿ ಹೀರೇಕಾಯಿಯಾದ.

"ಬುದ್ಧಿ, ನಾಳೆ ಶಾಖಾಮಠದವರೆಲ್ಲ ಇದನ್ನ ನೋಡೋಕೆ ಬರ್ತಿದ್ದಾರೆ. ತಾವು ಹೂಂ ಅಂದ್ರೆ ಎಲ್ಲ ಮಠಕ್ಕೂ ಹಾಕಿಸಿಬಿಡ್ತೀನಿ."

"ಹೊಳೆ ಕಡೆ ಹೋಗಿಬರೋಣ ಬಾ," ಎಂದರು ಗುರುಗಳು.

ಆಗಷ್ಟೇ ಮಧ್ಯಾಹ್ನದ ಪಂಕ್ತಿ ಎದ್ದಿತ್ತು. ದೂರದಿಂದ ನಡೆದು ಬಂದಿದ್ದ ಹೆಂಗಸೊಬ್ಬಳು ಹೊಳೆಯಲ್ಲಿ ನಿಂತು ಬೊಗಸೆ ಬೊಗಸೆ ನೀರು ಕುಡಿಯುತ್ತಿದ್ದಳು.

"ಪ್ರಸಾದ ಆಯ್ತೇನಮ್ಮಾ?"

"ಆಯ್ತು ಬುದ್ಧಿ." ಅವಳು ತಲೆ ತಗ್ಗಿಸಿದಳು. "ಎಲ್ಲಾರ ಮುಂದೆ ಆ ಪರದೆ ಕೆಂಪಾಗಿಬಿಟ್ರೆ ಅಂತ ಹೆದರಿ, ಒಂದೇ ತುತ್ತು ಹಾಕಿಸ್ಕೊಂಡೆ."

ಬಸವಂತನಿಗೆ ಪಿಚ್ಚೆನಿಸಿತು. ಅಷ್ಟರಲ್ಲಿ ಅಡುಗೆಯವರಿಬ್ಬರು ಹಂಡೆಯೊಂದನ್ನು ಹೊತ್ತು ತಂದು ದಂಡೆಯ ಗುಂಡಿಗೆ ಬಗ್ಗಿಸಿದರು. ಅಷ್ಟೂ ಅನ್ನ. ಯಾರೂ ಮುಟ್ಟದ ಅನ್ನ.

"ಇದನ್ನ ನಿನ್ನ ಯಂತ್ರ ತೂಗಿತಾ?"

"ಇಲ್ಲ ಬುದ್ಧಿ. ಅದು ಎಲೆಯಲ್ಲಿ ಉಳಿದಿದ್ದನ್ನ ಮಾತ್ರ ತೂಗುತ್ತೆ."

"ಇಷ್ಟು ಅಕ್ಕಿ ಹಾಕಿ ಅಂದವರು ಯಾರು?"

"ನಾನೇ. ಮೊದಲಿಂದ ಹಾಕ್ತಿದ್ದಷ್ಟೇ ಹಾಕಿಸಿದೆ. ಕಡಿಮೆ ಬಿದ್ರೆ ಮಠಕ್ಕೆ ಕೆಟ್ಟ ಹೆಸರಲ್ವಾ?"

"ಒಂದು ದಿನವಾದ್ರೂ ಆ ಪರದೆ ನೋಡ್ಕೊಂಡು ಅಕ್ಕಿ ಅಳೆದಿದ್ದೀಯಾ?"



ಅಡುಗೆಮನೆಯಿಂದ ಇನ್ನೊಂದು ಹಂಡೆ ಹೊರಬರುತ್ತಿತ್ತು. ಗುರುಗಳು ಅದನ್ನು ತಡೆದರು. ಹೆಂಗಸನ್ನು ಮತ್ತೆ ಎಲೆಯ ಮುಂದೆ ಕೂರಿಸಿ, ತಾವೇ ಕೇಳಿ ಕೇಳಿ ಬಡಿಸಿದರು. ಅವಳು ಹೊಟ್ಟೆ ತುಂಬ ಉಂಡು ಎದ್ದಳು.

ಆಮೇಲೆ ಗುರುಗಳು ಪರದೆಯ ಬಳಿ ಹೋದರು. "ಸ್ವಲ್ಪ ಕೈ ಹಾಕು."

ಇಬ್ಬರೂ ಸೇರಿ ಯಂತ್ರವನ್ನು ಒಯ್ದು ಉಳಿದ ಅನ್ನದ ಹಂಡೆಯ ಕೆಳಗೆ ಇಟ್ಟರು. ಪರದೆಯನ್ನು ಪಂಕ್ತಿಯ ಎದುರಿನಿಂದ ಕಳಚಿ ಉಗ್ರಾಣದೊಳಗೆ, ಅಕ್ಕಿ ಮೂಟೆಗಳ ಎದುರಿಗೆ ತೂಗುಹಾಕಿದರು. ಪರದೆ ಕೆಂಪಗೆ ಉರಿಯಿತು.

ಬಸವಂತನ ಮುಖ ಬಾಡಿತು. "ಬುದ್ಧಿ, ನಾಳೆ ಅಷ್ಟು ಜನ ಬರ್ತಾರೆ. ಇಲ್ಲಿಟ್ರೆ ಯಾರಿಗೆ ಕಾಣುತ್ತೆ?"

ಗುರುಗಳು ಅಕ್ಕಿ ಅಳೆಯುವ ಸೇರನ್ನು ಅವನ ಕೈಗಿಟ್ಟರು.

"ಇದನ್ನ ಹಿಡಿದೋನಿಗೆ."