ಮೂರನೆಯ ಸಾರಿ

"ಗುರುಗಳೇ, ಊತಕದಲ್ಲಿ ಸಾವಿನ ಗುರುತು ಸ್ಪಷ್ಟವಾಗಿ ಕಂಡರೆ, ಕಂಡದ್ದನ್ನು ಕಂಡ ಹಾಗೆ ಹೇಳುವುದಕ್ಕೆ ಯಾಕೆ ಹಿಂಜರಿಯಬೇಕು?"

ಕೇಳಿದವಳು ಕಾತ್ಯಾಯಿನಿ. ವೈದ್ಯಕೀಯ ಓದು ಮುಗಿಸಿದ ಮೇಲೆ, ರೋಗಿಗಳ ದೇಹದಿಂದ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವ ವಿದ್ಯೆಯನ್ನು ಗುರುಗಳ ಬಳಿ ಕಲಿಯುತ್ತಿದ್ದಳು. ಅವಳ ಮುಂದಿದ್ದ ಗಾಜಿನ ಮೇಲೆ ಒಬ್ಬನ ಗಂಟಲಿನ ಚೂರಿತ್ತು. ಆ ಗಂಟಲಿನವನು ಹೊರಗೆ ಬೆಂಚಿನ ಮೇಲೆ ಕೂತಿದ್ದ. ನಾನು ಉಳಿಯುತ್ತೇನೆಯೇ ಎಂದು ಆಗಲೇ ಬಾಗಿಲಿಗೆ ಬಂದು ಕೇಳಿ ಹೋಗಿದ್ದ.

ಗುರುಗಳು ಗಾಜನ್ನು ತಾವೂ ಒಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಸಾವಿನ ಮೂರು ಗುರುತೂ ಇವೆ. ನೀನು ನೋಡಿದ್ದು ಸರಿ. ನಿನ್ನ ಕಣ್ಣಿನ ಬಗ್ಗೆ ನನಗೆ ಚಿಂತೆಯಿಲ್ಲ, ನಾಲಿಗೆಯ ಬಗ್ಗೆ ಇದೆ. ಅವನೇನೂ ಈಗಲೇ ಸಾಯುತ್ತಿಲ್ಲ, ಅವಸರ ಬೇಡ. ಒಂದು ಕತೆ ಕೇಳು, ಆಮೇಲೆ ಹೋಗಿ ಏನು ಬೇಕಾದರೂ ಹೇಳು" ಎಂದರು.

ಒಂದು ಊರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವವನೊಬ್ಬನಿದ್ದ. ರೈತರು ತಂದು ಸುರಿದ ಗೂಡಿನ ಮುಂದೆ ನಿಂತು ಕೂಗುವುದು ಅವನ ಕೆಲಸ. ಕೊಳ್ಳುವವರು ಬೆಲೆ ಏರಿಸುತ್ತಾರೆ. ಏರಿದ ಬೆಲೆಯನ್ನು ಅವನು ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಎಂದು ಕೂಗುತ್ತಾನೆ. ಎರಡನೆಯ ಸಾರಿಯ ನಂತರ ಸ್ವಲ್ಪ ತಡೆಯುತ್ತಾನೆ. ಆಗ ಯಾರು ಬೇಕಾದರೂ ಬಾಯಿ ಹಾಕಬಹುದು. ಮೂರನೆಯ ಸಾರಿ ಕೂಗಿದ ಮೇಲೆ ಮುಗಿಯಿತು. ದುಪ್ಪಟ್ಟು ಕೊಡುತ್ತೇನೆ ಎಂದು ಸಾಹುಕಾರನೇ ಓಡಿ ಬಂದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಜನ ಅವನನ್ನು ನಂಬುತ್ತಿದ್ದದ್ದೇ ಅದಕ್ಕೆ.

ಅವನ ದನಿ ಬಸ್ ನಿಲ್ದಾಣದವರೆಗೆ ಕೇಳಿಸುತ್ತಿತ್ತು. ಮನೆಯಲ್ಲಿ ಮಾತ್ರ ಮೆತ್ತಗಿನ ಮನುಷ್ಯ. ಊರಿಗೆಲ್ಲ ಕೇಳಿಸುವ ದನಿ ಹೆಂಡತಿಗೊಬ್ಬಳಿಗೆ ಕೇಳಿಸುವುದಿಲ್ಲ ಎಂದು ಗೆಳೆಯರು ತಮಾಷೆ ಮಾಡುತ್ತಿದ್ದರು.

ಆ ದನಿ ಒಡೆಯಿತು. ಮೊದಲು ಧೂಳು ಎಂದ, ಆಮೇಲೆ ನೆಗಡಿ ಎಂದ. ಮೆಣಸು, ಬೆಲ್ಲ, ಕಷಾಯ ಎಲ್ಲ ಆಯಿತು. ನುಂಗಿದರೆ ಕಿವಿಯವರೆಗೆ ನೋವು ಹೊಡೆಯತೊಡಗಿದಾಗ ಹೆಂಡತಿ ಅವನನ್ನು ಎಳೆದುಕೊಂಡು ದೊಡ್ಡಾಸ್ಪತ್ರೆಗೆ ಬಂದಳು. ಶಸ್ತ್ರವೈದ್ಯರು ನೋಡಿ ಗಂಟಲಿನ ಕ್ಯಾನ್ಸರ್ ಇರಬೇಕು ಎಂದು ಒಂದು ಚೂರು ತೆಗೆದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಾಗಬಹುದು, ಚೂರಿನ ಪರೀಕ್ಷೆಯ ವರದಿ ಬರಲಿ, ಆಮೇಲೆ ತೀರ್ಮಾನ ಮಾಡೋಣ ಎಂದರು.

"ದನಿ ಹೋದ್ರೆ ಹೋಗ್ಲಿ ಕಣೆ. ಮೂಗನಾಗಾದ್ರೂ ನಿನ್ ಜೊತೆ ಇರ್ತೀನಿ" ಎಂದು ಅವನು ಹೆಂಡತಿಗೆ ಹೇಳಿದ. ಕೂಗಿ ಬದುಕಿದವನ ಬಾಯಲ್ಲಿ ಅದು ಸುಲಭದ ಮಾತಲ್ಲ. ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ಮನೆಗೆ ಹೋದಳು.

ಆದರೆ ಅವನಿಗೆ ಒಂದನ್ನು ಕೊಡುವ ಮೊದಲು ಇನ್ನೊಂದು ಕಡೆಯಿಂದ ಏನು ಬರುತ್ತದೆ ಎಂದು ತಿಳಿದುಕೊಳ್ಳುವ ಅಭ್ಯಾಸ. ದನಿ ಕೊಟ್ಟರೆ ಜೀವ ಬರುತ್ತದೆಯೇ? ಚೂರನ್ನು ನೋಡುವವರು ಎಲ್ಲಿರುತ್ತಾರೆ ಎಂದು ಅವರಿವರನ್ನು ವಿಚಾರಿಸಿಕೊಂಡು, ಕೆಲವು ದಿನ ಬಿಟ್ಟು ಪರೀಕ್ಷಕನ ಕೋಣೆಗೆ ಒಬ್ಬನೇ ಹೋದ.

ಆ ಪರೀಕ್ಷಕ ತನ್ನ ವಿದ್ಯೆಯಲ್ಲಿ ಗಟ್ಟಿಗ. ರೋಗಿಗಳ ಮುಖ ನೋಡಿ ಅಭ್ಯಾಸವಿಲ್ಲದವನು. ಅವನ ಬಳಿಗೆ ಬರುವುದು ಬರೀ ಚೂರುಗಳು, ಅವು ಪ್ರಶ್ನೆ ಕೇಳುವುದಿಲ್ಲ. ಕೂಗುವವನ ಚೂರನ್ನು ಅವನು ಆಗಷ್ಟೇ ನೋಡಿ ಮುಗಿಸಿದ್ದ. ಕೆಟ್ಟ ಕೋಶಗಳು ಒಂದು ಮುದ್ದೆಯಾಗಿ ಮುಂದೊತ್ತಿದ್ದರೆ ಅಷ್ಟು ಭಯವಿರಲಿಲ್ಲ. ಅವು ಒಂದೊಂದಾಗಿ ಚದುರಿ ಒಳಗೆ ನುಸುಳಿದ್ದವು. ಒಂದು ನರವನ್ನು ಸುತ್ತಿಕೊಂಡು ಅದರ ಗುಂಟ ಹೊರಟಿದ್ದವು. ದೇಹದ ಕಾವಲಿನ ಕೋಶಗಳು ಅಂಚಿನಲ್ಲಿ ಗುಂಪು ಕಟ್ಟಿ ಎದುರು ನಿಂತಿರಬೇಕಿತ್ತು. ಅಲ್ಲಿ ಯಾರೂ ಇರಲಿಲ್ಲ. ನಿನ್ನ ಗಾಜಿನ ಮೇಲಿರುವುದೂ ಇವೇ ಮೂರು.

"ಸ್ವಾಮಿ, ನನ್ನಂಥ ಗಂಟಲಿನೋರು ಉಳೀತಾರಾ?" ಎಂದು ಕೂಗುವವನು ಕೇಳಿದ.

ಪರೀಕ್ಷಕ ಸುಳ್ಳು ಹೇಳುವವನಲ್ಲ. "ಹೆಚ್ಚಿನವರು ಉಳಿಯುವುದಿಲ್ಲ" ಎಂದ.

ಕೂಗುವವನು ಸ್ವಲ್ಪ ಹೊತ್ತು ನಿಂತು ಮತ್ತೆ ಅದನ್ನೇ ಕೇಳಿದ. ಕಿವಿ ಮಂದವಿರಬೇಕು ಎಂದುಕೊಂಡು ಪರೀಕ್ಷಕ ಅದೇ ಮಾತನ್ನು ಸ್ವಲ್ಪ ಜೋರಾಗಿ ಹೇಳಿದ. ಅವನು ಇನ್ನೂ ಹೋಗಲಿಲ್ಲ. ಮಾರುಕಟ್ಟೆಯಲ್ಲಿ ಎರಡನೆಯ ಸಾರಿ ಕೂಗಿ, ಯಾರಾದರೂ ಏರಿಸುತ್ತಾರೇನೋ ಎಂದು ತಡೆದು ನಿಲ್ಲುತ್ತಿದ್ದನಲ್ಲ, ಹಾಗೆ ನಿಂತಿದ್ದ. ಇನ್ನೊಂದು ಮಾತು ಬರಲಿ ಎಂದು ಕಾಯುತ್ತಿದ್ದ. ಪರೀಕ್ಷಕನಿಗೆ ಅದು ಹೇಗೆ ಗೊತ್ತಾಗಬೇಕು? ಮೂರನೆಯ ಸಲ ಕೇಳಿದಾಗ ಅವನಿಗೆ ಬೇಸರ ಬಂತು.

"ಹೇಳಿದೆನಲ್ಲಪ್ಪ, ಹೆಚ್ಚಿನವರು ಉಳಿಯುವುದಿಲ್ಲ."

ಕೂಗುವವನು ಕೈಮುಗಿದು ಹೊರಟುಹೋದ.

ಮರುವಾರ ಶಸ್ತ್ರವೈದ್ಯರು ಅವನನ್ನು ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದರು. ಧ್ವನಿಪೆಟ್ಟಿಗೆ ತೆಗೆದು, ಆಮೇಲೆ ವಿಕಿರಣ ಚಿಕಿತ್ಸೆ ಕೊಟ್ಟರೆ ಈ ಗುರುತಿನವರಲ್ಲೂ ಕೆಲವರು ಉಳಿದಿದ್ದಾರೆ, ಈ ಗುರುತು ಇರುವುದರಿಂದಲೇ ತಡ ಮಾಡಬಾರದು ಎಂದರು. ಅವನು ಆಗದು ಎಂದು ತಲೆಯಾಡಿಸಿದ.

"ಮೂರ್ ಸಾರಿ ಆಗೋಯ್ತು ಸ್ವಾಮಿ. ಇನ್ನು ಯಾರ್ ಏನ್ ಏರಿಸಿದ್ರೂ ಲೆಕ್ಕಕ್ಕಿಲ್ಲ. ಹೋಗೋನು ದನೀನೂ ಕೊಟ್ಟು ಯಾಕ್ ಹೋಗ್ಲಿ?"

ಹೆಂಡತಿ ಅತ್ತಳು, ಕಾಲು ಹಿಡಿದಳು. ಮೂಗನಾಗಿ ಇರುತ್ತೇನೆ ಎಂದಿದ್ದಿರಲ್ಲ ಎಂದು ಅವನ ಮಾತನ್ನೇ ಅವನ ಮುಂದಿಟ್ಟಳು. ಇರುವುದಿದ್ದರೆ ಇರುತ್ತಿದ್ದೆ ಎಂದ. ಸಾಹುಕಾರನಿಗಾಗಿ ಮಾತು ಬದಲಿಸದವನು ಹೆಂಡತಿಗಾಗಿಯೂ ಬದಲಿಸಲಿಲ್ಲ. ಇಷ್ಟು ವರ್ಷ ಅನ್ನ ಹಾಕಿದ ನಿಯತ್ತೇ ಅವನಿಗೆ ಮುಳುವಾಯಿತು.

ಇರುವಷ್ಟು ದಿನ ಕೂಗಿಯೇ ಹೋಗುತ್ತೇನೆ ಎಂದು ಮಾರುಕಟ್ಟೆಗೆ ಮರಳಿದ. ದನಿ ಅಷ್ಟು ದಿನ ಕಾಯಲಿಲ್ಲ. ಏನಂದೆ, ಏನಂದೆ ಎಂದು ಕೊಳ್ಳುವವರು ಕೇಳತೊಡಗಿದರು. ಅವನ ಜಾಗದಲ್ಲಿ ಬೇರೆಯವನು ಬಂದು ಕೂಗಿದ. ಇವನು ಪಕ್ಕದಲ್ಲಿ ನಿಂತು ಮೂರನೆಯ ಸಾರಿಗೆ ಬೆರಳು ಎತ್ತುತ್ತಿದ್ದ. ಆಮೇಲೆ ಉಸಿರಿಗೇ ದಾರಿಯಿಲ್ಲದೆ ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಡಬೇಕಾಯಿತು. ಯಾವ ದನಿಯನ್ನು ಕೊಡಲಾರೆ ಎಂದಿದ್ದನೋ ಅದು ಅಲ್ಲಿಗೆ ಮುಗಿಯಿತು. ಮಳೆಗಾಲ ಬರುವ ಮೊದಲು ಅವನೂ ಮುಗಿದ. ಕೊನೆಗೆ ಹೆಂಡತಿಯ ಕಡೆ ತಿರುಗಿ ತುಟಿ ಆಡಿಸಿದ. ಅವಳು ಎಷ್ಟು ಬಗ್ಗಿ ಆಲಿಸಿದರೂ ಏನು ಹೇಳಿದನೆಂದು ತಿಳಿಯಲಿಲ್ಲ. ಅಂಥ ಸಂಕಟ ಯಾರಿಗೂ ಬೇಡ.

ತಿಥಿಯೆಲ್ಲ ಮುಗಿದ ಮೇಲೆ ಆ ಹೆಂಗಸು ಪರೀಕ್ಷಕನ ಕೋಣೆಯನ್ನು ಹುಡುಕಿಕೊಂಡು ಬಂದಳು. ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಕುದಿನೀರಿನ ಗೂಡು ಬಿಚ್ಚಿ ಬಿಚ್ಚಿ ಅವಳ ಬೆರಳು ಬೆಳ್ಳಗಾಗಿದ್ದವು.

"ಸ್ವಾಮಿ, ಅದೇ ಗುರುತಿದ್ದು ಉಳಿದೋರು ಒಬ್ರೂ ಇಲ್ವಾ?"

"ಇದ್ದಾರೆ. ದೊಡ್ಡ ಆಪರೇಷನ್ ಮಾಡಿಸಿಕೊಂಡವರಲ್ಲಿ ಕೆಲವರು ಇದ್ದಾರೆ."

"ನಮ್ಮೋರು ಮೂರ್ ಸಲ ಕೇಳಿದ್ರಂತಲ್ಲ. ಒಂದ್ ಸಲಕ್ಕಾದ್ರೂ ಈ ಮಾತು ಹೇಳೋಕಾಗ್ಲಿಲ್ವಾ?"

"ಇದನ್ನು ಅವರು ಕೇಳಲಿಲ್ಲಮ್ಮ" ಎಂದ ಪರೀಕ್ಷಕ.

ಅವಳು ಅವನ ಮುಖವನ್ನು ನೋಡಿದಳು, ಅಷ್ಟೇ. ಬೈಯಲಿಲ್ಲ, ಶಾಪ ಹಾಕಲಿಲ್ಲ. ಸೆರಗು ಹೊದ್ದುಕೊಂಡು ಹೊರಟುಹೋದಳು. ಬೈದಿದ್ದರೆ ಅವನು ಆ ದಿನವನ್ನು ನೆನಪಿಟ್ಟುಕೊಳ್ಳುತ್ತಿದ್ದನೋ ಏನೋ.

ಕೆಲವು ವರ್ಷಗಳಾದ ಮೇಲೆ ಪರೀಕ್ಷಕ ವೈದ್ಯರ ದೊಡ್ಡ ಸಭೆಯಲ್ಲಿ ಮಾತಾಡಿದ. ಈ ಮೂರು ಗುರುತು ಒಟ್ಟಿಗೆ ಇದ್ದವರು ಎಷ್ಟು ಬೇಗ ಸತ್ತರು ಎಂದು ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದ. ಉಳಿದವರು ಕಡಿಮೆಯಾದಂತೆ ಗೆರೆ ಕೆಳಗಿಳಿಯುತ್ತಾ ಹೋಗುತ್ತಿತ್ತು. ಆ ಇಳಿಜಾರಿನಲ್ಲಿ ಕೂಗುವವನೂ ಒಬ್ಬ. ಅವನು ಆಪರೇಷನ್ ಬೇಡವೆಂದು ಯಾಕೆ ಎದ್ದುಹೋದ ಎಂದು ಹೇಳುವುದಕ್ಕೆ ಗೆರೆಯಲ್ಲಿ ಜಾಗವಿರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಗುರುತು ಬಲವಾದದ್ದು, ನಂಬಬಹುದು ಎಂದು ತಿಳಿದವರೆಲ್ಲ ಒಪ್ಪಿದರು. ಅಂದಿನಿಂದ ಅವನು ಬಾಗಿಲಿಗೆ ಬಂದವರಿಗೆ ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳತೊಡಗಿದ.

ಗುರುಗಳು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಹೊರಗೆ ಬೆಂಚಿನ ಮೇಲೆ ಕೂತವನು ಕೆಮ್ಮಿದ್ದು ಕೇಳಿಸಿತು. ಕಾತ್ಯಾಯಿನಿ ಬಾಗಿಲಿನ ಕಡೆ ನೋಡಿ, ಮತ್ತೆ ಗಾಜಿನ ಕಡೆ ನೋಡಿದಳು. ಅವಳಿಗೆ ಪೂರ್ತಿ ಸಮಾಧಾನವಾಗಿರಲಿಲ್ಲ.

"ಆ ಪರೀಕ್ಷಕರು ಇನ್ನೊಂದು ಮಾತು ಸೇರಿಸಬೇಕಿತ್ತು, ಒಪ್ಪುತ್ತೇನೆ. ಆದರೂ ಗುರುಗಳೇ, ಅವರು ಹೇಳಿದ ಗುರುತು ಕೊನೆಗೆ ಸರಿಯಾಯಿತಲ್ಲ?"

ಗುರುಗಳು ಹೇಳಿದರು:

"ತಾನಾಗಿ ಸರಿಯಾಗಲಿಲ್ಲಮ್ಮ, ಅವನು ಸತ್ತು ಸರಿಮಾಡಿಕೊಟ್ಟ."