ಹಸಿ ಎಳೆ

ತುಂಗಭದ್ರೆಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಶಾಂತವೀರಯ್ಯ ಎಂಬ ಗುರುಗಳು ನ್ಯಾನೊ ಎಳೆ ತೆಗೆಯುವುದನ್ನು ಕಲಿಸುತ್ತಿದ್ದರು. ಕೂದಲಿನ ದಪ್ಪದಲ್ಲಿ ಐನೂರರಲ್ಲೊಂದು ಪಾಲು, ಅಷ್ಟು ತೆಳುವಾದ ಎಳೆ.

ರಾಟೆ ಇರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ದ್ರಾವಣ ತುಂಬಿದ ಒಂದು ಸಿರಿಂಜು, ಎದುರಿಗೆ ತಿರುಗುವ ಉರುಳೆ. ಸೂಜಿಗೆ ಇಪ್ಪತ್ತು ಸಾವಿರ ವೋಲ್ಟ್ ಕೊಟ್ಟರೆ ತುದಿಯ ಹನಿ ಚೂಪಾಗಿ, ಎಳೆಯಾಗಿ ಚಿಮ್ಮಿ, ಉರುಳೆಯ ಮೇಲೆ ಬಿಳಿ ಪೊರೆಯಾಗಿ ಕೂರುತ್ತಿತ್ತು. ಸುಟ್ಟ ಗಾಯಕ್ಕೆ ಆ ಪೊರೆ ಹೊದಿಸಿದರೆ ಗಾಳಿಯಾಡುತ್ತದೆ, ಕ್ರಿಮಿ ನುಸುಳುವುದಿಲ್ಲ. ಬಿಚ್ಚುವಾಗ ಮಾಂಸ ಕಿತ್ತು ಬರುವುದಿಲ್ಲ.

ಅಂದು ಬೆಳಗಿನಿಂದ ಶಿಷ್ಯೆ ನೀಲಾಂಬಿಕೆಗೆ ಎದೆ ಡವಗುಟ್ಟುತ್ತಿತ್ತು. ನಲವತ್ತು ಪೊರೆಗಳು ಲಕೋಟೆಯಲ್ಲಿ ಸಿದ್ಧವಾಗಿದ್ದವು. ಮಧ್ಯಾಹ್ನ ಆಸ್ಪತ್ರೆಯಿಂದ ಡಾಕ್ಟರ್ ಸಫಿಯಾ ಬಂದು ಒಯ್ಯುವವರಿದ್ದರು. ಮೊದಲ ಪೊರೆ ಹುಲಿಗೆಮ್ಮನಿಗೆ. ಆಕೆ ಶಾಲೆಯ ಬಿಸಿಯೂಟದ ಅಡುಗೆಯವಳು. ಸಾಂಬಾರಿನ ಹಂಡೆ ಮಗುಚಿ ಎರಡೂ ತೋಳು ಬೆಂದಿದ್ದವು.

ಗುರುಗಳು ನದಿಯ ಮೆಟ್ಟಿಲ ಮೇಲೆ ಕುಳಿತಿದ್ದರು.

"ಗುರುಗಳೇ, ಪೊರೆ ಸರಿಯಿದೆಯೋ ಇಲ್ಲವೋ ಎಂದು ಎಷ್ಟು ಸಲ ನೋಡಿದರೆ ಸಾಕು?"

"ನೀನು ಎಷ್ಟು ಸಲ ನೋಡಿದೆ?"

"ಒಂಬತ್ತು."

"ಹಾಗಾದರೆ ಮೊದಲ ಸಲವೇ ಏನೋ ಕಂಡಿರಬೇಕು."



ಗುರುಗಳು ಪಂಚೆ ಸರಿಸಿ ಮೊಣಕಾಲು ತೋರಿಸಿದರು. ಹಿಂದಿನ ದಿನ ಪಾಚಿಯ ಮೇಲೆ ಜಾರಿ ಬಿದ್ದು ಚರ್ಮ ಸುಲಿದಿತ್ತು.

"ಒಂದು ಲಕೋಟೆ ತಾ. ಇದಕ್ಕೆ ಹೊದಿಸು."

ನೀಲಾಂಬಿಕೆ ತಂದಳು. ಲಕೋಟೆ ಹರಿದು ಚಿಮಟದಲ್ಲಿ ಪೊರೆ ಎತ್ತಿದಾಗ ಆರದೆ ಉಳಿದ ದ್ರಾವಕದ ವಾಸನೆ ಸಣ್ಣಗೆ ಮೂಗಿಗೆ ತಾಗಿತು. ಕೈ ಅರ್ಧದಲ್ಲೇ ನಿಂತಿತು.

"ಏನಾಯಿತು?"

"ನಿಮಗೆ ಬೇಡ ಗುರುಗಳೇ. ಉರಿಯುತ್ತದೆ."

"ಹುಲಿಗೆಮ್ಮನಿಗೆ?"

ಅವಳು ಪೊರೆಯನ್ನು ಲಕೋಟೆಗೆ ಮರಳಿಸಿದಳು.

"ಸೂಜಿಗೂ ಉರುಳೆಗೂ ಒಂದು ಗೇಣು ದೂರ ಬೇಕಿತ್ತು. ಎಳೆ ಒಣಗುವುದೇ ಆ ದಾರಿಯಲ್ಲಿ. ಬೇಗ ಮುಗಿಯಲಿ ಎಂದು ನಾನು ದ್ರಾವಣ ಜೋರಾಗಿ ಬಿಟ್ಟೆ, ದೂರವನ್ನು ನಾಲ್ಕು ಬೆರಳಿಗೆ ಇಳಿಸಿದೆ. ಎಳೆಗಳು ಹಸಿಯಾಗಿಯೇ ಬಂದು ಒಂದಕ್ಕೊಂದು ಅಂಟಿಕೊಂಡಿವೆ."

"ಏನು ಅವಸರವಿತ್ತು?"

"ಇವತ್ತಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಆಗಲಿಲ್ಲವೆಂದರೆ ನನ್ನನ್ನು ಏನೆಂದುಕೊಳ್ಳುತ್ತಾರೋ ಎಂದು..."

ಅವಳೇ ಮತ್ತೆ ಕೇಳಿದಳು. "ಬಿಸಿಲಿಗಿಟ್ಟರೆ ವಾಸನೆ ಹೋಗುತ್ತದಲ್ಲವೇ?"

"ಅಂಟಿದ ಎಳೆ ಬಿಡುತ್ತದೆಯೇ?"

"ಇಲ್ಲ. ಕೊಡದಿದ್ದರೆ ಆಕೆಗೆ ಹಳೆಯ ಬಟ್ಟೆಯ ಪಟ್ಟಿಯೇ ಗತಿ. ಡಾಕ್ಟರಿಗೆ ನೀವೇ ಹೇಳಿ ಗುರುಗಳೇ."

"ಎಳೆ ತೆಗೆದವರು ಯಾರು?"

ಮಧ್ಯಾಹ್ನ ಡಾಕ್ಟರು ಬಂದರು. ನೀಲಾಂಬಿಕೆ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಡಾಕ್ಟರು ಬೈಯಲಿಲ್ಲ. ತಂದಿದ್ದ ಖಾಲಿ ಡಬ್ಬಿಯ ಮುಚ್ಚಳ ಮತ್ತೆ ಹಾಕಿದರು.

"ಇನ್ನೆಷ್ಟು ದಿನ?"

"ಹನ್ನೆರಡು."

"ಡಾಕ್ಟರೇ," ಎಂದರು ಗುರುಗಳು, "ಇವಳನ್ನೂ ಜೊತೆಗೆ ಕರೆದುಕೊಂಡು ಹೋಗಿ."

ವಾರ್ಡಿನಲ್ಲಿ ನರ್ಸು ಹುಲಿಗೆಮ್ಮನ ಪಟ್ಟಿ ಬಿಚ್ಚುತ್ತಿದ್ದಳು. ಬಟ್ಟೆ ಗಾಯಕ್ಕೆ ಅಂಟಿತ್ತು. ನೀರು ಬಿಟ್ಟು ನೆನೆಸಿ ಎಳೆದರೂ ಪದರು ಕಿತ್ತು ಬಂತು. ಹುಲಿಗೆಮ್ಮ ಸೆರಗಿನ ತುದಿ ಕಚ್ಚಿ ಹಿಡಿದಿದ್ದಳು. ಮುಗಿದ ಮೇಲೆ ನೀಲಾಂಬಿಕೆಯ ಕಡೆ ನೋಡಿದಳು.

"ಯಾರವ್ವ ನೀ? ಹಿಂಗ್ಯಾಕ ನಡಗಾಕತ್ತಿ?"

"ನಿಮಗೆ ಹೊದಿಕೆ ಮಾಡುವವಳು ನಾನೇ. ಇವತ್ತು ತರಬೇಕಿತ್ತು. ಕೆಡಿಸಿಬಿಟ್ಟೆ."

"ನಾಳೆ ತರ್ತಿಯೇನು?"

"ಇಲ್ಲಮ್ಮ. ಹನ್ನೆರಡು ದಿನ."

ಹುಲಿಗೆಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

ನೀಲಾಂಬಿಕೆ ಆಶ್ರಮಕ್ಕೆ ಮರಳಿ ನಲವತ್ತನ್ನೂ ತ್ಯಾಜ್ಯಕ್ಕೆ ಹಾಕಿದಳು. ಸೂಜಿಯನ್ನು ಹಿಂದಕ್ಕೆ ಸರಿಸಿ ಒಂದು ಗೇಣಿಗೆ ನಿಲ್ಲಿಸಿದಳು. ಹನ್ನೆರಡು ದಿನ ಹನಿ ತನ್ನ ಪಾಡಿಗೆ ಬರಲೆಂದು ಬಿಟ್ಟಳು. ದಿನವೂ ಮಧ್ಯಾಹ್ನ, ಈಗ ಪಟ್ಟಿ ಬಿಚ್ಚುತ್ತಿರುತ್ತಾರೆ ಎಂದು ನೆನಪಾಗಿ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಆದರೂ ಸೂಜಿಯನ್ನು ಮುಟ್ಟಲಿಲ್ಲ.

ಹದಿಮೂರನೆಯ ದಿನ ಡಾಕ್ಟರು ಹೊಸ ಪೊರೆ ಹೊದಿಸಿದರು. ಐದು ದಿನ ಕಳೆದು ಬಿಚ್ಚುವಾಗ ನೀಲಾಂಬಿಕೆಯೂ ಅಲ್ಲಿದ್ದಳು. ಹುಲಿಗೆಮ್ಮ ಮೊದಲೇ ಸೆರಗು ಕಚ್ಚಿ ಕಣ್ಣು ಮುಚ್ಚಿಕೊಂಡಿದ್ದಳು. ಪೊರೆ ಸಲೀಸಾಗಿ ಎದ್ದು ಬಂತು. ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಕಾಣುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಹುಲಿಗೆಮ್ಮ ಒಂದು ಕಣ್ಣು ತೆರೆದಳು.

"ಆತೇನು?"

ಸಂಜೆ ನೀಲಾಂಬಿಕೆ ಗುರುಗಳಿಗೆ ಎಲ್ಲ ಹೇಳಿದಳು. ಹೇಳಿ ಮುಗಿಸಿದರೂ ಏಳಲಿಲ್ಲ.

"ಗುರುಗಳೇ, ಕೆಲಸ ಸರಿಹೋಯಿತು. ಎದೆಯ ಡವಡವ ಮಾತ್ರ ನಿಂತಿಲ್ಲ. ಆ ವಾರ್ಡಿನಲ್ಲಿ ಇನ್ನೂ ಆರು ಜನ ಇದ್ದಾರೆ. ಮೊದಲಿಗಿಂತ ಈಗಲೇ ಹೆಚ್ಚು ಹೆದರಿಕೆ."

ಗುರುಗಳು ಅವಳನ್ನೇ ನೋಡಿದರು.

"ಮೊದಲು ಯಾರಿಗೆ ಏನಾದೀತೆಂದು ಹೆದರಿದ್ದೆ, ತಂಗಿ? ಈಗ ಯಾರಿಗೆ?"